ಮಳೆಯ ತಪ್ಪಲ್ಲ, ಮಾಲೀಕರ ತಪ್ಪು

ಮುಂಗಾರು ಬಂತೆಂದರೆ ಕಾರ್ಖಾನೆ ಮಾಲೀಕರ ಬಾಯಲ್ಲಿ ಹಳೆಯ ನೆಪವೊಂದು ಚಿಗುರುತ್ತದೆ. ಚರಂಡಿಯ ನೀರು ಬಣ್ಣ ತಿರುಗಿತೆ? ಬಾವಿಯ ನೀರು ನಾರಿತೆ? “ನಾವೇನು ಮಾಡೋಣ, ಮಳೆ ಜೋರಾಗಿತ್ತು” ಎಂದು ಜಾರಿಕೊಳ್ಳುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಅಂಗಳದಲ್ಲಿ ರಾಶಿ ಬಿದ್ದ ಕೆಸರು, ಸೋರುವ ಪೀಪಾಯಿ, ಚೆಲ್ಲಿದ ಎಣ್ಣೆ, ಬಣ್ಣದ ಪುಡಿ ಇವನ್ನು ಮಳೆ ತೊಳೆಯುತ್ತದೆ, ಅಷ್ಟೆ. ಅವನ್ನು ಬಯಲಿಗೆ ಬಿಟ್ಟವರು ಯಾರು ಎಂಬುದೇ ನಮ್ಮ ಪ್ರಶ್ನೆ.

ಈ ಪ್ರಶ್ನೆಗೆ ದೇಶದ ಸುಪ್ರೀಂ ಕೋರ್ಟು ಎಂದೋ ಉತ್ತರ ಕೊಟ್ಟಿದೆ. ರಾಜಸ್ಥಾನದ ಉದಯಪುರ ಜಿಲ್ಲೆಯ ಬಿಛ್ರಿ ಎಂಬ ಹಳ್ಳಿಯ ಬಳಿ 1987ರ ಸುಮಾರಿಗೆ ಎಚ್-ಆಸಿಡ್ ತಯಾರಿ ಶುರುವಾಯಿತು. ಗಿರಣಿಯ ಬಟ್ಟೆಗೆ ಹಾಕುವ ಬಣ್ಣಗಳ ತಯಾರಿಕೆಗೆ ಬೇಕಾದ ರಾಸಾಯನಿಕವದು. ತಯಾರಾದ ಸರಕು ಸುಮಾರು 375 ಟನ್; ಅದರ ಬೆನ್ನಿಗೆ ಬಂದ ವಿಷದ ಕೆಸರು ಸುಮಾರು 2,400 ಟನ್. ಸರಕು ಪರದೇಶಕ್ಕೆ ಹೋಯಿತು, ಲಾಭ ಮಾಲೀಕರ ಪೆಟ್ಟಿಗೆಗೆ ಹೋಯಿತು, ಕೆಸರು ಮಾತ್ರ ಹಳ್ಳಿಯ ಪಾಲಿಗೆ ಉಳಿಯಿತು. ಬಯಲಲ್ಲಿ ಸುರಿದ ಆ ಕೆಸರಿನ ವಿಷ ಮಳೆನೀರಿನೊಡನೆ, ಕಾರ್ಖಾನೆಯ ಹೊಲಸು ನೀರಿನೊಡನೆ ನೆಲದಾಳಕ್ಕೆ ಇಳಿಯಿತು. ಸುಮಾರು 350 ಹೆಕ್ಟೇರಿನಲ್ಲಿ ಹರಡಿದ್ದ 60ರಷ್ಟು ಬಾವಿಗಳ ನೀರು ಜನಕ್ಕೂ ದನಕ್ಕೂ ಬೆಳೆಗೂ ಬಾರದಂತಾಯಿತು. ಹಳ್ಳಿಗರು ದಂಗೆಯೆದ್ದರು. ಆಗ ಅಧಿಕಾರಿಗಳು ಹಾಕಿದ್ದೇನು? 144ನೇ ಕಲಮು! 1989ರ ಜನವರಿಯಲ್ಲಿ ಆ ಘಟಕ ಮುಚ್ಚಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು.

1996ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೊಲಸು ಮಾಡಿದವನೇ ಅದರ ವೆಚ್ಚ ತೆರಬೇಕು ಎಂದು ತೀರ್ಪು ಕೊಟ್ಟಿತು. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ, ಮಾಡಿದ್ದುಣ್ಣೋ ಮಹರಾಯ. ನೆಲ, ನೀರು ಸರಿಪಡಿಸಲು 37 ಕೋಟಿ 38 ಲಕ್ಷ ರೂಪಾಯಿಗೂ ಹೆಚ್ಚು ಹಣ ಬೇಕೆಂದು 1997ರಲ್ಲಿ ಗೊತ್ತಾಯಿತು. ಅರ್ಜಿಯ ಮೇಲೆ ಅರ್ಜಿ ಹಾಕಿ ವರ್ಷಗಳನ್ನು ತಳ್ಳಿದ ಕಂಪನಿಗೆ 2011ರಲ್ಲಿ ಚಕ್ರಬಡ್ಡಿಯನ್ನೂ ಕೋರ್ಟು ಹೇರಿತು.

ವ್ಯಾಪಾರಿ ಬಂಧುಗಳೇ, ಲೆಕ್ಕ ನಿಮಗೆ ಗೊತ್ತು. 375 ಟನ್ ಸರಕಿಗೆ 37 ಕೋಟಿಯ ಕೊಳೆ ಎಂದರೆ ಟನ್ನಿಗೆ ಸುಮಾರು 10 ಲಕ್ಷ. ಇಂಥ ವ್ಯಾಪಾರವನ್ನು ನಿಮ್ಮಲ್ಲಿ ಯಾರಾದರೂ ಮಾಡುವಿರಾ? ಸಾಲವನ್ನು ಊರಿನ ತಲೆಗೆ ಕಟ್ಟಬಹುದೆಂಬ ಧೈರ್ಯ ಇರುವವರು ಮಾತ್ರ ಮಾಡುತ್ತಾರೆ. ಬಾವಿ ಕೆಟ್ಟಾಗ ಟ್ಯಾಂಕರ್ ನೀರಿಗೆ ದುಡ್ಡು ಕೊಡುವವನು ಸಣ್ಣ ಹೋಟೆಲಿನವನು. ಚರಂಡಿ ಉಕ್ಕಿದಾಗ ಸರಕು ಕಳೆದುಕೊಳ್ಳುವವನು ಗಲ್ಲಿಯ ಅಂಗಡಿಯವನು.

ಇದಕ್ಕೆ ಪರಿಹಾರ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಕೆಸರು, ಪುಡಿ, ಪೀಪಾಯಿಗಳ ಮೇಲೆ ಸೂರು ಬೇಕು. ಕೆಳಗೆ ನೀರು ಹೀರದ ಗಚ್ಚಿನ ನೆಲ, ಸುತ್ತ ಒಡ್ಡು ಬೇಕು. ಮಾಡಿನ ಚೊಕ್ಕ ನೀರಿಗೆ ಒಂದು ಕಾಲುವೆ, ಅಂಗಳದ ಕೊಳೆ ನೀರಿಗೆ ಇನ್ನೊಂದು. ಮೊದಲು ಹರಿದುಬರುವ ಮಳೆನೀರೇ ಸಾಮಾನ್ಯವಾಗಿ ಹೆಚ್ಚು ಕೊಳೆಯನ್ನು ಹೊತ್ತಿರುತ್ತದೆ. ಅದನ್ನು ತೊಟ್ಟಿಯಲ್ಲಿ ತಡೆದು, ಪರೀಕ್ಷಿಸಿ, ಶುದ್ಧಿಮಾಡಿಯೇ ಹೊರಬಿಡಬೇಕು. ಕೊನೆಯ ಮೋರಿಗೆ ಬೇಕೆಂದಾಗ ಮುಚ್ಚುವ ಬಾಗಿಲಿರಬೇಕು.

ಕಾನೂನು ಇಲ್ಲವೆ? ಇದೆ. 1974ರ ಜಲಮಾಲಿನ್ಯ ಕಾಯಿದೆಯ ಪ್ರಕಾರ ಮನೆಬಳಕೆಯ ಕೊಳಚೆಯನ್ನು ಬಿಟ್ಟು ಕಾರ್ಖಾನೆಯ ಆವರಣದಿಂದ ಹೊರಬಿಡುವ ಯಾವುದೇ ದ್ರವವೂ ಕೈಗಾರಿಕಾ ತ್ಯಾಜ್ಯವೇ. ಅಂಗಳ ತೊಳೆದು ಬಂದ ಮಳೆನೀರು ಇದರಿಂದ ಹೇಗೆ ಹೊರತಾದೀತು? ಆದರೆ 2024ರಲ್ಲಿ ಸಂಸತ್ತು ಈ ಕಾಯಿದೆಯನ್ನೇ ಸಡಿಲಿಸಿತು. ತಿದ್ದುಪಡಿಯನ್ನು ಒಪ್ಪಿದ ರಾಜ್ಯಗಳಲ್ಲಿ ಹಲವು ಅಪರಾಧಗಳಿಗೆ ಸೆರೆವಾಸದ ಬದಲು 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡ. ಜೇಬುಗಳ್ಳನಿಗೆ ಜೈಲು, ಊರಿನ ನೀರು ಕೆಡಿಸಿದವನಿಗೆ ರಸೀದಿ! ಇದನ್ನು ನಾವು ಖಂಡಿಸುತ್ತೇವೆ.

“ಇಷ್ಟೆಲ್ಲ ಕೇಳಿದರೆ ಗಿರಣಿ ಮುಚ್ಚೀತು, ಕೂಲಿ ಹೋದೀತು” ಎಂದು ಕಾರ್ಮಿಕರನ್ನು ಹೆದರಿಸುವವರಿದ್ದಾರೆ. ಬಿಛ್ರಿಯ ಘಟಕ ಸೂರು ಕಟ್ಟಿಸಿ ಮುಚ್ಚಲಿಲ್ಲ, ಕಟ್ಟಿಸದೆ ಮುಚ್ಚಿತು. ಆ ಕೆಸರನ್ನು ಹೊರುವ ಕೈಯೂ ಕಾರ್ಮಿಕನದೇ, ಗೇಟಿನಾಚೆ ಆ ನೀರು ಕುಡಿಯುವ ಮಕ್ಕಳೂ ಅವನವೇ. ಕೂಲಿಗೂ ನೀರಿಗೂ ಜಗಳ ಹಚ್ಚುವವರನ್ನು ನಂಬಬೇಡಿ.

ನಮ್ಮ ಆಗ್ರಹ ಮೂರು. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಕಾರ್ಖಾನೆಯ ಅಂಗಳ, ಕಾಲುವೆ, ತೊಟ್ಟಿಗಳನ್ನು ಕಾರ್ಮಿಕ ಸಂಘದ ಪ್ರತಿನಿಧಿಗಳ ಎದುರಿನಲ್ಲಿ ತಪಾಸಣೆ ಮಾಡಬೇಕು. ಹೊರಬಿಡುವ ನೀರಿನ ಪರೀಕ್ಷಾ ವರದಿಯನ್ನು ಕನ್ನಡದಲ್ಲಿ ಗೇಟಿನ ಮೇಲೆ ಅಂಟಿಸಬೇಕು. ಸೂರಿಲ್ಲದ ಕೆಸರಿನ ರಾಶಿ ಕಂಡಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಅನುಮತಿಯನ್ನು ತಡೆಹಿಡಿಯಬೇಕು. ಗಿರಣಿಯ ಸಂಘವೂ ಪೇಟೆಯ ವರ್ತಕರೂ ಒಂದೇ ಮನವಿಗೆ ರುಜು ಹಾಕಿ, ಮಳೆಗಾಲಕ್ಕೆ ಮುಂಚೆಯೇ ಮಂಡಳಿಯ ಬಾಗಿಲು ತಟ್ಟಲಿ.