ಕ್ಯಾನಿನೊಳಗಿನ ಕಾಣದ ಕಣ
ನೀರಿನ ಘಟಕದಲ್ಲಿ ನಾಣ್ಯ ಹಾಕಿ, 20 ಲೀಟರಿನ ಕ್ಯಾನು ತುಂಬಿಸಿ, ಬೈಕಿಗೆ ಕಟ್ಟಿಕೊಂಡು ಬರುವುದು ಹುಕ್ಕೇರಿ ತಾಲ್ಲೂಕಿನ ಕಣಗಲಾದ ಕಡೆಯೂ ನಾಡಿನ ಉಳಿದ ಊರುಗಳಂತೆ ದಿನದ ಕೆಲಸ. ಆರ್‌ಒ ನೀರೆಂದ ಮೇಲೆ ಶುದ್ಧ, ಮಾತೇ ಇಲ್ಲ! ಆದರೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು 2024ರಲ್ಲಿ ಬಾಟಲಿ ನೀರನ್ನು ಲೇಸರ್ ಹಾಯಿಸಿ ನೋಡಿದರೆ ಲೀಟರಿಗೆ ಸರಾಸರಿ 2.4 ಲಕ್ಷ ಪ್ಲಾಸ್ಟಿಕ್ ಚೂರು. ನೂರಕ್ಕೆ 90 ನ್ಯಾನೊ ಗಾತ್ರದವು, ಕಣ್ಣಿಗೆ ಕಾಣದಷ್ಟು ಕಿರಿಯವು. ತಮಾಷೆಯೆಂದರೆ, ಅದರಲ್ಲಿದ್ದ ಪಾಲಿಅಮೈಡ್ ನೀರು ಸೋಸುವ ಪೊರೆಯಿಂದಲೇ ಬಂದಿರಬೇಕು ಎಂಬುದು ಅವರ ಅಂದಾಜು. ಇನ್ನು ಕ್ರಿಮಿ ಕೊಲ್ಲಲೆಂದು ಬೆಳ್ಳಿಯ ನ್ಯಾನೊ ಕಣ ಬಳಸಿದ ಫಿಲ್ಟರುಗಳೂ ಮಾರುಕಟ್ಟೆಗೆ ಬಂದಿವೆ. ಬೆಳ್ಳಿ ಅದೇ, ಆದರೆ ಅಷ್ಟು ಕಿರಿದಾದಾಗ ಅದರ ಗುಣ ಚುರುಕಾಗುತ್ತದೆ, ಜೀವಕೋಶದೊಳಗೂ ನುಸುಳುತ್ತದೆ. ಪ್ರಯೋಗಾಲಯದಲ್ಲಿ ಕೋಶಗಳಿಗೆ ಹಾನಿಯಾದದ್ದೂ ಕಂಡಿದೆ. ಕುಡಿಯುವ ನೀರಿನ ಪ್ರಮಾಣದಲ್ಲಿ ಇಂಥದೇ ರೋಗ ಬರುತ್ತದೆಂದು ಸಾಬೀತಾಗಿಲ್ಲ. ಹೆದರಿ ಸೋಸದ ನೀರು ಕುಡಿದು ವಾಂತಿಭೇದಿ ತಂದುಕೊಳ್ಳುವುದು ಶುದ್ಧ ಮೂರ್ಖತನ. ಆದರೆ ನಮ್ಮ ಐಎಸ್ 10500 ಮಾನಕ ಬೆಳ್ಳಿಗೆ ಲೀಟರಿಗೆ 0.1 ಮಿಲಿಗ್ರಾಂ ಎಂದು ತೂಕ ಕೇಳುತ್ತದೆ, ಕಣದ ಗಾತ್ರ ಕೇಳುವುದಿಲ್ಲ. ಅದು ಕೇಳುವವರೆಗೆ ಗೀರುಬಿದ್ದು ಬಿಸಿಲಿಗೆ ಬಣ್ಣಗೆಟ್ಟ ಕ್ಯಾನನ್ನು ಬದಲಿಸಿ, ಮನೆಯಲ್ಲಿ ಸ್ಟೀಲಿನ ಕೊಡದಲ್ಲಿ ನೀರಿಡಿ, ಘಟಕದ ಪೊರೆ ಕೊನೆಗೆ ಬದಲಿಸಿದ್ದು ಯಾವಾಗ ಎಂದು ಪಂಚಾಯತಿಯವರನ್ನು ಕೇಳಿ.