ಮಕ್ಕಳಿಗೆ ಚೆಸ್ ಕಲಿಸೋಕೆ ಯಾವ ಆ್ಯಪ್ ಅಂತ ಕೇಳ್ಬೇಡಿ, ಎದುರಿಗೆ ಕೂತ್ಕೊಳ್ಳಿ

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಇವತ್ತು ಬರೆಯೋ ಹಾಗೆ ಮಾಡಿದ್ದು ಗೆಳೆಯನ ಒಂದು ಫೋನ್. "ಮಗಳಿಗೆ ಆರು ತುಂಬ್ತು ಮಾರಾಯ, ಚೆಸ್ ಕಲಿಸ್ಬೇಕು. ಯಾವ ಆ್ಯಪ್ ಹಾಕ್ಲಿ? ಯಾವ ಕೋರ್ಸ್ ಒಳ್ಳೇದು? ನಿಂಗೆ ಗೊತ್ತಿರುತ್ತಲ್ಲ, ಒಂದು ಪಟ್ಟಿ ಕಳ್ಸು" ಅಂದ. 2024ರ ಡಿಸೆಂಬರಿನಲ್ಲಿ ಗುಕೇಶ್ ಸಿಂಗಪುರದಲ್ಲಿ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದಮೇಲೆ ಇಂಥ ಫೋನುಗಳು ಜಾಸ್ತಿಯಾಗಿವೆ. ತಪ್ಪೇನಿಲ್ಲ. ಮಕ್ಕಳು ಚೆಸ್ ಆಡಲಿ ಅಂತ ಆಸೆಪಡೋದು ಒಳ್ಳೇದೇ.

ಆದ್ರೆ ನಾನು ಪಟ್ಟಿ ಕಳಿಸಲಿಲ್ಲ. "ಸದ್ಯಕ್ಕೆ ಏನೂ ಹಾಕ್ಬೇಡ, ಒಂದು ಬೋರ್ಡ್ ತಗೊಂಡು ಅವಳ ಎದುರಿಗೆ ಕೂತ್ಕೋ" ಅಂದೆ. ಅವನಿಗೆ ಬೇಜಾರಾಯ್ತು ಅನ್ಸುತ್ತೆ. ಯಾಕೆ ಹಾಗಂದೆ ಅಂತ ಫೋನಲ್ಲಿ ಹೇಳೋಕಾಗಲಿಲ್ಲ. ಇಲ್ಲಿ ಹೇಳ್ತೀನಿ. ಸ್ವಲ್ಪ ನಾಚಿಕೆಯ ಕಥೆ.

ನನ್ನ ಮಗನಿಗೆ ಏಳು ವರ್ಷ ಇದ್ದಾಗ ಈ ಪಟ್ಟಿಗಳನ್ನೆಲ್ಲ ಓದಿ, ಅದರಲ್ಲಿದ್ದದ್ದನ್ನೆಲ್ಲ ತಂದಿದ್ದೆ. ಎರಡು ಆ್ಯಪ್, ಓಪನಿಂಗ್ ಬಗ್ಗೆ ಒಂದು ದಪ್ಪ ಪುಸ್ತಕ, ತಿಂಗಳಿಗೆ ಮೂರು ಸಾವಿರದ ಆನ್‌ಲೈನ್ ಕ್ಲಾಸು. ಎರಡು ವರ್ಷದಲ್ಲಿ ಹುಡುಗ ಇಟಾಲಿಯನ್, ಸಿಸಿಲಿಯನ್ ಅಂತ ಹತ್ತು ಹನ್ನೆರಡು ನಡೆಗಳನ್ನ ಮಗ್ಗಿ ಹೇಳಿದ ಹಾಗೆ ಒಪ್ಪಿಸ್ತಿದ್ದ. ಮನೆಗೆ ಬಂದವರ ಮುಂದೆ ನಾನೂ ಒಪ್ಪಿಸೋಕೆ ಹೇಳ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಒಂದು ಭಾನುವಾರ ಒಂದು ಶಾಲೆಯ ಹಾಲಿನಲ್ಲಿ ಮಕ್ಕಳ ಟೂರ್ನಮೆಂಟು. ಮೂರನೇ ಸುತ್ತಿನಲ್ಲಿ ಇವನ ಎದುರು ಒಬ್ಬ ಪುಟ್ಟ ಹುಡುಗಿ. ಆಕೆಯ ಹತ್ತಿರ ಉಳಿದಿದ್ದು ಬರೀ ರಾಜ, ಅದೂ ಮೂಲೆಯಲ್ಲಿ. ಇವನ ಹತ್ತಿರ ರಾಜ ಮತ್ತು ಮಂತ್ರಿ. (ಈಗಿನವರು ರಾಣಿ ಅಂತಾರೆ, ನಮ್ಮನೆಯಲ್ಲಿ ಮಂತ್ರಿನೇ.) ಬಾಗಿಲಾಚೆ ನಿಂತಿದ್ದ ನಾನು ಮನಸ್ಸಲ್ಲೇ ಪಾಯಿಂಟ್ ಬರೆದುಕೊಂಡಿದ್ದೆ. ಹುಡುಗ ಮಂತ್ರಿಯನ್ನ ತಂದು ಆ ರಾಜನಿಂದ ಸರಿಯಾಗಿ ಒಂದು ಕುದುರೆ ನೆಗೆತದಷ್ಟು ದೂರದಲ್ಲಿ ಇಟ್ಟ. ಚೆಕ್ ಇಲ್ಲ, ಆ ಹುಡುಗಿಗೆ ನಡೆಸೋಕೆ ಒಂದು ಮನೆಯೂ ಇಲ್ಲ. ಸ್ಟೇಲ್‌ಮೇಟ್. ಆಟ ಡ್ರಾ, ಇಬ್ಬರಿಗೂ ಅರ್ಧರ್ಧ ಪಾಯಿಂಟು.

ಹೊರಗೆ ಬಂದವನಿಗೆ ನಾನಂದದ್ದು ಇದು: "ತಿಂಗಳಿಗೆ ಮೂರು ಸಾವಿರ ಕಟ್ತೀನಿ, ಇಷ್ಟೂ ಗೊತ್ತಿಲ್ವಾ ನಿಂಗೆ?"

"ನಂಗೆ ಇದನ್ನ ಯಾರೂ ಹೇಳ್ಕೊಟ್ಟೇ ಇಲ್ಲ ಅಪ್ಪ" ಅಂತ ಅತ್ತ.

ಅವನು ಹೇಳಿದ್ದು ನಿಜ. ಆ್ಯಪ್ ಹೇಳಿರಲಿಲ್ಲ, ಕ್ಲಾಸಿನವರು ಹೇಳಿರಲಿಲ್ಲ, ದಪ್ಪ ಪುಸ್ತಕದಲ್ಲಿ ಇರಲಿಲ್ಲ. ನಾನಂತೂ ಎದುರಿಗೆ ಕೂತೇ ಇರಲಿಲ್ಲ. ಆವತ್ತಿನಿಂದ ಎಂಟು ತಿಂಗಳು ಬೋರ್ಡು ಬೀರುವಿನ ಮೇಲೆ ಸೇರಿತು.

ಗೆಳೆಯರೇ, ನನ್ನ ತಕರಾರು ಇರೋದೇ ಇಲ್ಲಿ. ಮಕ್ಕಳಿಗೆ ಅಂತ ಮಾರೋ ಚೆಸ್ ಸಾಮಗ್ರಿಯಲ್ಲಿ ನಾನು ಕಂಡ ಹೆಚ್ಚಿನದ್ದು ಆಟವನ್ನ ತಲೆಕೆಳಗಾಗಿ ಕಲಿಸುತ್ತೆ. 32 ಕಾಯಿಯನ್ನೂ ಒಟ್ಟಿಗೆ ಬೋರ್ಡಿನ ಮೇಲೆ ಸುರಿದು, ಮೊದಲ ಹತ್ತು ನಡೆ ಬಾಯಿಪಾಠ ಮಾಡಿಸುತ್ತೆ. ಅಕ್ಷರ ಬಾರದ ಮಗುವಿಗೆ ಭಾಷಣ ಬಾಯಿಪಾಠ ಮಾಡಿಸಿ ವೇದಿಕೆ ಹತ್ತಿಸಿದ ಹಾಗೆ. ಎದುರಾಳಿ ಪುಸ್ತಕದಲ್ಲಿಲ್ಲದ ಒಂದು ನಡೆ ಇಟ್ಟ ಅಂದ್ರೆ ಮುಗೀತು, ಮಗು ಪಿಳಿಪಿಳಿ ನೋಡುತ್ತೆ. ಯಾಕೆ ಹೀಗೆ ಕಲಿಸ್ತಾರೆ? ಓಪನಿಂಗ್ ಮಾರೋದು ಸುಲಭ, ಅದಕ್ಕೆ ದೊಡ್ಡ ದೊಡ್ಡ ಹೆಸರಿದೆ. "ಒಂದು ಆನೆಯಿಂದ ಮೇಟ್ ಮಾಡೋದು ಹೇಗೆ" ಅಂದ್ರೆ ಯಾರು ದುಡ್ಡು ಕೊಡ್ತಾರೆ?

ನಾನೇನೂ ಹೊಸದು ಹೇಳ್ತಿಲ್ಲ. 1921ರಲ್ಲಿ ವಿಶ್ವ ಚಾಂಪಿಯನ್ ಆದ ಕ್ಯೂಬಾದ ಕಪಬ್ಲಾಂಕ ಅದೇ ವರ್ಷ 'ಚೆಸ್ ಫಂಡಮೆಂಟಲ್ಸ್' ಅನ್ನೋ ಪುಸ್ತಕ ತಂದರು. ಅದು ಶುರುವಾಗೋದು ಓಪನಿಂಗಿನಿಂದ ಅಲ್ಲ. ಒಂಟಿ ರಾಜನನ್ನ ಒಂದು ಆನೆಯಿಂದ ಹಿಡಿಯೋದು ಹೇಗೆ ಅನ್ನೋದರಿಂದ. 1966ರಲ್ಲಿ ಬಂದ 'ಬಾಬಿ ಫಿಶರ್ ಟೀಚಸ್ ಚೆಸ್' ನೋಡಿ. ಫಿಶರ್ ಜೊತೆ ಇನ್ನಿಬ್ಬರು ಸೇರಿ ಮಾಡಿದ ಪುಸ್ತಕ. ಅದರಲ್ಲಿ ಓಪನಿಂಗ್ ಪಾಠವೇ ಇಲ್ಲ. ಪುಟಕ್ಕೊಂದು ಚಿತ್ರ, ಒಂದು ಪ್ರಶ್ನೆ. ಪುಟ ತಿರುಗಿಸಿದ್ರೆ ಉತ್ತರ. ಕೊನೆಗೆ ಬಂದಮೇಲೆ ಪುಸ್ತಕ ತಲೆಕೆಳಗು ಮಾಡಿ ವಾಪಸ್ ಓದಬೇಕು, ಮಕ್ಕಳಿಗೆ ಅದೇ ಒಂದು ಮಜಾ. ನೆದರ್ಲೆಂಡಿನಲ್ಲಿ 1987ರಿಂದ ಬೆಳೆದು ಬಂದ 'ಸ್ಟೆಪ್ಸ್ ಮೆಥಡ್' ಅಂತ ಒಂದಿದೆ. ಅದೂ ಮೆಟ್ಟಿಲು ಮೆಟ್ಟಿಲಾಗಿ, ಪುಟ್ಟ ಪುಟ್ಟ ಆಟಗಳ ಜೊತೆಗೇ ಹತ್ತಿಸುತ್ತೆ. ಆರಿಸಲೇಬೇಕು ಅಂದ್ರೆ ಇಂಥವನ್ನ ಆರಿಸಿ.

ನನಗೆ ಬುದ್ಧಿ ಕಲಿಸಿದ್ದು ಮಾತ್ರ ಇದ್ಯಾವುದೂ ಅಲ್ಲ, ತೀರ್ಥಹಳ್ಳಿಯಲ್ಲಿರೋ ನಮ್ಮ ಅಪ್ಪಯ್ಯ. ದಸರಾ ರಜೆಗೆ ಊರಿಗೆ ಹೋದಾಗ ಮೊಮ್ಮಗನಿಗೆ "ಬಾರೋ ಪುಟ್ಟ, ಚದುರಂಗ ಆಡಾಣ" ಅಂದ್ರು. ಇವನು "ಬೇಡ ಅಜ್ಜ, ನಂಗೆ ಬರಲ್ಲ" ಅಂದ. ಎರಡು ವರ್ಷ ಕ್ಲಾಸಿಗೆ ಹೋದ ಹುಡುಗ ಹೇಳೋ ಮಾತಾ ಅದು? ಅಪ್ಪಯ್ಯ ಸುಮ್ಮನೆ ಎಲ್ಲಾ ಕಾಯಿ ತೆಗೆದಿಟ್ಟು, ಎರಡೂ ಕಡೆ ಎಂಟೆಂಟು ಕಾಲಾಳು ಮಾತ್ರ ಜೋಡಿಸಿದ್ರು. "ಯಾರ ಕಾಲಾಳು ಮೊದ್ಲು ಆಚೆ ತುದಿ ಮುಟ್ಟುತ್ತೋ ಅವ್ರು ಗೆದ್ದಂಗೆ. ಎಂತ ಹೆದ್ರಿಕೆ ಇದ್ರಲ್ಲಿ?"

ಸಂಜೆವರೆಗೆ ಹದಿನೈದು ಆಟ ಆಗಿತ್ತು! ಮಧ್ಯೆ ಜಗಳವೂ ಆಯ್ತು. ಅಪ್ಪಯ್ಯನದು ಹಳೇ ಕಾಲದ ನಿಯಮ. ಕಾಲಾಳು ಮೊದಲ ಸಲವೂ ಒಂದೇ ಮನೆ ಹೋಗಬೇಕು. ರಾಜ ಒಂದು ಸಲ ಕುದುರೆಯ ಹಾಗೆ ನೆಗೆಯಬಹುದು. "ಅಜ್ಜ, ಅದು ತಪ್ಪು" ಅಂತ ಇವನು, "ನಿಂಗೆ ಗೊತ್ತಿಲ್ಲ ಸುಮ್ನಿರು" ಅಂತ ಅವರು. ಕೊನೆಗೆ ಒಂದಾಟ ಅಜ್ಜನ ನಿಯಮ, ಒಂದಾಟ ಮೊಮ್ಮಗನ ನಿಯಮ ಅಂತ ರಾಜಿ ಆಯ್ತು. ಯಾವ ಆ್ಯಪ್ ಜೊತೆ ಹೀಗೆ ಜಗಳ ಆಡೋಕಾಗುತ್ತೆ ಹೇಳಿ.

ಬರೀ ಕಾಲಾಳಿನ ಆಟದಲ್ಲಿ ಏನೇನು ಇದೆ ನೋಡಿ. ನೇರ ನಡೆದು ಓರೆಯಾಗಿ ಹೊಡೆಯೋದು ಕೈಗೆ ಹತ್ತುತ್ತೆ. ನಾನು ಎಷ್ಟು ನಡೆಯಲ್ಲಿ ಮುಟ್ತೀನಿ, ಅವನೆಷ್ಟು ನಡೆಯಲ್ಲಿ ಅಂತ ಎಣಿಸೋದು ಬರುತ್ತೆ. ಎದುರಾಳಿಗೂ ಒಂದು ಆಸೆ ಇರುತ್ತೆ ಅನ್ನೋದು ಗೊತ್ತಾಗುತ್ತೆ. ಚೆಸ್ಸಿನ ಅರ್ಧ ಪಾಠ ಅಲ್ಲೇ ಮುಗೀತು. ಆಮೇಲೆ ಎರಡೂ ಕಡೆ ರಾಜನನ್ನ ಸೇರಿಸಿ. ಆಮೇಲೆ ಒಂದೊಂದೇ ಕಾಯಿ. ಕುದುರೆ ಬಂದಾಗ ಖಾಲಿ ಬೋರ್ಡಿನ ಮೂಲೆಯಲ್ಲಿ ಅದನ್ನಿಟ್ಟು, ಎದುರು ಮೂಲೆಗೆ ಎಷ್ಟು ನೆಗೆತ ಬೇಕು ಅಂತ ಕೇಳಿ. ಆರು, ಆದ್ರೆ ಉತ್ತರ ನೀವು ಹೇಳ್ಬೇಡಿ. ಮೂಲೆಯ ಕುದುರೆಗೆ ಎರಡೇ ಮನೆ, ನಡುವಿನ ಕುದುರೆಗೆ ಎಂಟು ಮನೆ ಅಂತ ಮಗುವೇ ಎಣಿಸಿ ಹೇಳಿದ ದಿನ, 'ಕಾಯಿಗಳನ್ನ ನಡುವಿಗೆ ತನ್ನಿ' ಅನ್ನೋ ಪಾಠವನ್ನ ಯಾವ ವಿಡಿಯೋನೂ ಹೇಳ್ಬೇಕಾಗಿಲ್ಲ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರೇ ಕುದುರೆಯನ್ನ 64 ಮನೆಗೂ ಒಂದೊಂದೇ ಸಲ ಓಡಿಸೋ ಒಗಟಿನಲ್ಲಿ ಮುಳುಗಿದ್ದವರು. ನಮ್ಮ ಮಕ್ಕಳು ಒಂದು ಸಂಜೆ ಮುಳುಗಲಿ ಬಿಡಿ.

ಆಮೇಲೆ ಮೇಟ್. ಮೊದಲು ಎರಡು ಆನೆಯಿಂದ, ಆಮೇಲೆ ಮಂತ್ರಿಯಿಂದ, ಆಮೇಲೆ ಒಂದೇ ಆನೆಯಿಂದ. ಮೂಲೆಯ ಒಂಟಿ ರಾಜನಿಗೆ ಕುದುರೆ ನೆಗೆತದ ದೂರದಲ್ಲಿ ಮಂತ್ರಿಯನ್ನ ಇಡಬಾರದು ಅನ್ನೋದು ಐದು ನಿಮಿಷದ ಪಾಠ. ನನ್ನ ಮಗ ಅದಕ್ಕೆ ಎಂಟು ತಿಂಗಳು ಕೊಟ್ಟ.

ಈಗ ಬರೋ ಆಕ್ಷೇಪಗಳು ನನಗೆ ಗೊತ್ತು.

ಒಂದು: "ಕಾಲ ಬದಲಾಗಿದೆ ಸ್ವಾಮಿ, ಈಗಿನವರೆಲ್ಲ ಕಂಪ್ಯೂಟರಿನಿಂದಲೇ ಕಲಿಯೋದು." ಹಾಗಾದ್ರೆ ಗುಕೇಶ್ ಅವರನ್ನೇ ತಗೊಳ್ಳಿ. ಅವರ ಕೋಚ್ ಆಗಿದ್ದ ವಿಷ್ಣು ಪ್ರಸನ್ನ, ಹುಡುಗ ಬೆಳೆಯೋ ವರ್ಷಗಳಲ್ಲಿ ಬೇಕಂತಲೇ ಅವನನ್ನ ಎಂಜಿನ್‌ಗಳಿಂದ ದೂರ ಇಟ್ಟಿದ್ದರು. ಸ್ವಂತ ತಲೆಯಿಂದ ಲೆಕ್ಕ ಹಾಕಲಿ ಅಂತ. ವಿಶ್ವ ಚಾಂಪಿಯನ್ನಿಗೇ ತಡವಾಗಿ ಸಾಕಾದ ಎಂಜಿನ್ ನಮ್ಮ ಎರಡನೇ ಕ್ಲಾಸಿನ ಮಗುವಿಗೆ ಇವತ್ತೇ ಬೇಕಾ? ಆಟ ಮುಗಿದ ಕೂಡಲೇ ಪರದೆ ಕೆಂಪು ಬಣ್ಣದಲ್ಲಿ "ತಪ್ಪು" ಅನ್ನುತ್ತೆ. ಯಾಕೆ ತಪ್ಪು ಅಂತ ಮಗು ಯೋಚಿಸೋ ಮೊದಲೇ ಸರಿ ಉತ್ತರ ತೋರಿಸುತ್ತೆ. ಇನ್ನು ಮೂರು ನಿಮಿಷದ ಆಟಗಳಲ್ಲಿ ಮಗು ಯೋಚಿಸಬಾರದು ಅನ್ನೋದನ್ನೇ ಕಲಿಯುತ್ತೆ!

ಎರಡು: "ಚೆಸ್ ಆಡಿದ್ರೆ ಲೆಕ್ಕದಲ್ಲಿ ಮುಂದೆ ಬರ್ತಾರೆ, ಬುದ್ಧಿ ಚುರುಕಾಗುತ್ತೆ, ಅದಕ್ಕೇ ಬೇಗ ಕ್ಲಾಸಿಗೆ ಸೇರಿಸ್ಬೇಕು." ಇದು ಜಾಹೀರಾತಿನ ಮಾತು. ಇಂಗ್ಲೆಂಡಿನಲ್ಲಿ 100 ಪ್ರಾಥಮಿಕ ಶಾಲೆಗಳ ಸುಮಾರು 4,000 ಮಕ್ಕಳ ಮೇಲೆ ಇದನ್ನ ಪರೀಕ್ಷೆ ಮಾಡಿದ್ರು, ವರದಿ 2016ರಲ್ಲಿ ಬಂತು. ಒಂದಷ್ಟು ಶಾಲೆಗಳಲ್ಲಿ ಚೆಸ್ ಪಾಠ, ಉಳಿದವುಗಳಲ್ಲಿ ಇಲ್ಲ. ಪಾಠ ಮುಗಿದು ಒಂದು ವರ್ಷದ ಮೇಲೆ ನೋಡಿದ್ರೆ ಗಣಿತದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಲೆಕ್ಕ ಬರಬೇಕು ಅಂದ್ರೆ ಲೆಕ್ಕ ಮಾಡಿಸಿ. ಚೆಸ್ ಆಡಿಸೋದು ಅದು ಚೆಂದದ ಆಟ ಅಂತ. ಅಷ್ಟು ಕಾರಣ ಸಾಲದಾ?

ಮೂರು, ಇದು ಮಾತ್ರ ಪ್ರಾಮಾಣಿಕ ಆಕ್ಷೇಪ: "ನಮಗೇ ಚೆಸ್ ಬರಲ್ಲ, ಆಫೀಸಿಂದ ಬರೋದೇ ಎಂಟು ಗಂಟೆಗೆ." ಒಪ್ಪಿದೆ. ಬೆಂಗಳೂರಿನ ಟ್ರಾಫಿಕ್ಕು ನನಗೂ ಗೊತ್ತು. ಆದ್ರೆ ಕಾಲಾಳಿನ ಆಟ ಕಲಿಯೋಕೆ ಐದು ನಿಮಿಷ, ಆಡೋಕೆ ಹತ್ತು ನಿಮಿಷ. ಮಗುವಿನ ಜೊತೆಗೇ ಕಲೀರಿ, ಸೋಲ್ರಿ. ಅಪ್ಪ ಅಮ್ಮ ಸೋತು ನಗೋದನ್ನ ನೋಡಿದ ಮಗುವಿಗೆ ಸೋಲೋದು ಅಂದ್ರೆ ಅಷ್ಟು ದೊಡ್ಡದಲ್ಲ ಅಂತ ಗೊತ್ತಾಗುತ್ತೆ. ಒಳ್ಳೆ ಕೋಚ್‌ಗಳು ಇಲ್ಲ ಅಂತ ನಾನು ಹೇಳ್ತಿಲ್ಲ, ಖಂಡಿತ ಇದ್ದಾರೆ. ಮಗು ತಾನಾಗಿ "ಇನ್ನೂ ಕಲೀಬೇಕು" ಅಂದಾಗ ಅವರ ಹತ್ತಿರ ಹೋಗಿ. ಹೋದಾಗ ಒಂದೇ ಪ್ರಶ್ನೆ ಕೇಳಿ: "ಮೊದಲ ತಿಂಗಳು ಏನು ಕಲಿಸ್ತೀರಿ?" ಉತ್ತರದಲ್ಲಿ ಓಪನಿಂಗಿನ ಹೆಸರು ಬಂದ್ರೆ ನಮಸ್ಕಾರ ಹೇಳಿ ವಾಪಸ್ ಬನ್ನಿ.

ಹಾಗಾದ್ರೆ ಏನು ಕೊಳ್ಳಬೇಕು? ಸುತ್ತಿಡೋಕೆ ಬರೋ ದೊಡ್ಡ ಬೋರ್ಡು, ಅಂಚಿನಲ್ಲಿ ಮನೆಗಳ ಗುರುತು ಇರುವಂಥದ್ದು. ಕೈಗೆ ಸಿಗೋವಷ್ಟು ದೊಡ್ಡ ಪ್ಲಾಸ್ಟಿಕ್ ಕಾಯಿ. ಟೂರ್ನಮೆಂಟಿನಲ್ಲಿ ರಾಜ ಸುಮಾರು ಒಂಬತ್ತೂವರೆ ಸೆಂಟಿಮೀಟರ್ ಎತ್ತರ ಇರುತ್ತೆ, ಅಷ್ಟೇ ಇರಲಿ. ಕಳೆದುಹೋಗೋ ಪುಟ್ಟ ಅಯಸ್ಕಾಂತದ ಸೆಟ್ಟು ಬೇಡ. ಒಂದು ನಡೆಯಲ್ಲಿ ಮೇಟ್ ಮಾಡೋ ಲೆಕ್ಕಗಳ ಒಂದು ಪುಸ್ತಕ. ದುಡ್ಡಿಲ್ಲದೆಯೂ ಆಗುತ್ತೆ: 2010ರಲ್ಲಿ ಶುರುವಾದ ಲೀಚೆಸ್ ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ಅಲ್ಲಿಂದ ದಿನಕ್ಕೆ ನಾಲ್ಕು ಲೆಕ್ಕ ನೋಡಿ, ಬೋರ್ಡಿನ ಮೇಲೆ ಜೋಡಿಸಿ, ಫೋನ್ ಒಳಗಿಡಿ.

ಕೊನೆಗೆ ನಮ್ಮ ಬಗ್ಗೆ ಒಂದು ಮಾತು. ಭಾರತಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 1988ರಲ್ಲಿ, ಚೆನ್ನೈನ ಆನಂದ್. ಕರ್ನಾಟಕಕ್ಕೆ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್. ಇದಕ್ಕೆ ಹತ್ತಾರು ಕಾರಣ ಇರಬಹುದು. ಆದ್ರೆ ಪುಸ್ತಕದಂಗಡಿಯಲ್ಲಿ ಕನ್ನಡದ್ದು ಕೇಳಿದಾಗ ನನಗೆ ಸಿಕ್ಕಿದ್ದು ನಿಯಮಗಳನ್ನ ಹೇಳೋ ಒಂದು ತೆಳು ಪುಸ್ತಕ ಮಾತ್ರ. ತೀರ್ಥಹಳ್ಳಿಯ ಕನ್ನಡ ಶಾಲೆಯ ಹುಡುಗಿಗೆ ಒಂದು ನಡೆಯ ಮೇಟ್ ಕಲಿಯೋಕೆ ಇಂಗ್ಲಿಷ್ ಯಾಕೆ ಬೇಕು? ಆನೆ, ಒಂಟೆ, ಕುದುರೆ, ಮಂತ್ರಿ, ಕಾಲಾಳು... ಪದಗಳೆಲ್ಲ ನಮ್ಮಲ್ಲೇ ಇವೆ. ನಾವು ಇಷ್ಟೊಂದು ಜನ ಇಲ್ಲಿ ಸಿನಿಮಾ, ರಾಜಕೀಯ, ಅಡುಗೆ ಅಂತ ಬರೀತೀವಲ್ಲ, ಚೆಸ್ ಬಲ್ಲ ನಾಲ್ಕು ಜನ ವಾರಕ್ಕೆ ಹತ್ತು ಲೆಕ್ಕ ಕನ್ನಡದಲ್ಲಿ ಹಾಕೋಕಾಗಲ್ವಾ? ಮುಂದಿನ ಭಾನುವಾರ ನನ್ನ ಮೊದಲ ಹತ್ತು ಇಲ್ಲೇ ಹಾಕ್ತೀನಿ. ಚಿತ್ರ ಚೆನ್ನಾಗಿರಲ್ಲ, ಬೈಕೋಬೇಡಿ. ತಪ್ಪಿದ್ರೆ ತಿದ್ದಿ.

ಮಗ ಈಗ ಆಡ್ತಾನಾ ಅಂತ ಕೇಳ್ತೀರಿ. ಆಡ್ತಾನೆ. ಕ್ಲಾಸು ಬಿಟ್ಟಿದ್ದಾನೆ. ಚಾಂಪಿಯನ್ ಏನೂ ಆಗಲ್ಲ ಅನ್ಸುತ್ತೆ. ಮೊನ್ನೆ ರಾತ್ರಿ ಮಂತ್ರಿಯೊಂದರಿಂದಲೇ ನನ್ನ ಒಂಟಿ ರಾಜನನ್ನ ಮೂಲೆಗೆ ಅಟ್ಟಿಕೊಂಡು ಬಂದ. ಕೊನೆಯ ನಡೆಗೆ ಮುಂಚೆ ಮಂತ್ರಿಯನ್ನ ಕೈಲಿ ಎತ್ತಿ ಹಿಡ್ಕೊಂಡು, ನನ್ನ ಮುಖ ನೋಡಿ ನಕ್ಕು, "ಅಲ್ಲಿ ಇಡಲ್ಲ ಅಪ್ಪ" ಅಂದ. ಸರಿಯಾದ ಮನೆಯಲ್ಲೇ ಇಟ್ಟ. ನಾನು ಆವತ್ತು ಆ ಹಾಲಿನ ಹೊರಗೆ ಆಡಿದ ಮಾತಿಗೆ ಕ್ಷಮೆ ಕೇಳಿದ್ದೂ ಮೊನ್ನೆಯೇ.

ನೀವೇನಂತೀರಿ? ನಿಮ್ಮ ಮನೆಯಲ್ಲಿ ಯಾರು ಯಾರಿಗೆ ಹೇಗೆ ಕಲಿಸಿದ್ರು? ಬರೀರಿ.