ಉಡುಗೆ–ತೊಡುಗೆ: ಪುಟ್ಟ ನಿಲುವಿನವರ ಬೇಸಿಗೆಯ ಷರಾಯಿ

ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ ಬೀರುವಿನಲ್ಲಿರುವ ದಪ್ಪ ಜೀನ್ಸುಗಳೆಲ್ಲ ಹೊರೆಯೆನಿಸತೊಡಗುತ್ತವೆ. ತಂಪಿನ ಊರೆಂದು ಹೆಸರಾದ ಬೆಂಗಳೂರಿನಲ್ಲಿಯೇ 2016ರ ಏಪ್ರಿಲ್‌ನಲ್ಲಿ ಉಷ್ಣತೆ 39 ಡಿಗ್ರಿಯನ್ನು ದಾಟಿತು. ಕಲಬುರಗಿ, ರಾಯಚೂರುಗಳ ಮಾತಂತೂ ಹೇಳಬೇಕಾಗಿಲ್ಲ. ಕಚೇರಿಗೂ ಕಾಲೇಜಿಗೂ ಹೋಗುವ ಹೆಣ್ಣುಮಕ್ಕಳಷ್ಟೇ ಅಲ್ಲ, ಬೆಳಗಿನ ವಾಯುಸೇವನೆಗೆ ಹೊರಡುವ ಗೃಹಿಣಿಯರೂ ಕೆಲವು ಮನೆಗಳಲ್ಲಿ ಅಜ್ಜಿಯರೂ ತೆಳುವಾದ ಹತ್ತಿಯ ಷರಾಯಿಯನ್ನು, ಅಂಗಡಿಯವರ ಮಾತಿನಲ್ಲಿ ಪ್ಯಾಂಟನ್ನು, ಈಗ ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದಾರೆ. ಆದರೆ ಐದಡಿಯ ಆಸುಪಾಸಿನ ನಿಲುವಿನವರಿಗೆ ಈ ಉಡುಪು ಸುಲಭವಾಗಿ ಒಲಿಯುವುದಿಲ್ಲ.

ಸೀರೆಗೆ ಈ ತೊಡಕು ಇರಲಿಲ್ಲ. ಉಡುವವಳು ಎತ್ತರವಿರಲಿ, ಗಿಡ್ಡವಿರಲಿ, ಹೆಚ್ಚಾದ ಬಟ್ಟೆಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡರೆ ಅಂಚು ಹಿಮ್ಮಡಿಯ ಮೇಲೆ ತಾನಾಗಿ ನಿಲ್ಲುತ್ತದೆ. ಉತ್ತರ ಕರ್ನಾಟಕದ ಕಚ್ಚೆ ಸೀರೆಯೂ ಹಾಗೆಯೇ. ಅದಕ್ಕೆ ಅಳತೆಯ ಸಂಖ್ಯೆಯಿಲ್ಲ. ಷರಾಯಿಯಾದರೋ ಮೊದಲೇ ಕತ್ತರಿಸಿ ಹೊಲಿದದ್ದು. ಯಾರದೋ ಮೈಗೆ ಕತ್ತರಿಸಿದ್ದನ್ನು ಇನ್ನಾರೋ ತೊಡಬೇಕು.

ಆದ್ದರಿಂದಲೇ ಸಿದ್ಧ ಉಡುಪಿನ ಅಂಗಡಿಯ ಕಿರುಕೋಣೆಯಲ್ಲಿ ಮತ್ತೆ ಮತ್ತೆ ಒಂದೇ ದೃಶ್ಯ. ಸೊಂಟಕ್ಕೆ ಸರಿಯಾದ ಷರಾಯಿ ಪಾದವನ್ನು ನುಂಗಿ ನೆಲದ ಮೇಲೆ ಮುದ್ದೆಯಾಗಿ ಬಿದ್ದಿರುತ್ತದೆ. ಉದ್ದಕ್ಕೆ ಸರಿಯಾದದ್ದು ಸೊಂಟಕ್ಕೆ ಏರುವುದಿಲ್ಲ. ಹೊರಗೆ ಕಾದು ನಿಂತ ತಾಯಿ, “ಚಿಕ್ಕವಳಿದ್ದಾಗ ಹಾಲು ಕುಡಿಯೇ ಅಂದರೆ ಕೇಳಿದೆಯಾ?” ಎನ್ನುತ್ತಾಳೆ. ಮಗಳು “ಸಾಕು ಸುಮ್ಮನಿರಮ್ಮ” ಎಂದು ನಗುತ್ತಾಳೆ; ನಕ್ಕರೂ ಒಂದು ಮುಳ್ಳು ಒಳಗೇ ಉಳಿಯುತ್ತದೆ. ಕೊರತೆ ತನ್ನ ಮೈಯದೆಂದೇ ಆಕೆ ನಂಬಿ ಹೊರಬರುತ್ತಾಳೆ. ಕೊರತೆ ಬಟ್ಟೆಯದಾಗಿರಬಹುದೆಂದು ತಾಯಿಗೂ ಹೊಳೆಯುವುದಿಲ್ಲ.

ಲೆಕ್ಕವನ್ನು ನೋಡಿದರೆ ಬಟ್ಟೆಯದೇ ಕೊರತೆ. ಅಮೆರಿಕದ ಸರ್ಕಾರ 1939–40ರಲ್ಲಿ ತನ್ನ ದೇಶದ ಸುಮಾರು 15,000 ಸ್ತ್ರೀಯರ ಮೈಯಳತೆ ತೆಗೆಸಿ 1941ರಲ್ಲಿ ವರದಿಯನ್ನು ಪ್ರಕಟಿಸಿತು. 1958ರಲ್ಲಿ ಅದನ್ನು ಆಧರಿಸಿ ಸಿದ್ಧ ಉಡುಪಿನ ಅಳತೆಗಳು ನಿಗದಿಯಾದವು. ಅಲ್ಲಿನ ಅಂಗಡಿಗಳಲ್ಲಿ 5 ಅಡಿ 4 ಅಂಗುಲಕ್ಕಿಂತ ಕಡಿಮೆ ನಿಲುವಿನವರಿಗೆ ‘ಪೆಟೀಟ್’ ಎಂಬ ಬೇರೆ ಸಾಲೇ ಉಂಟು. ಫ್ರೆಂಚ್ ಭಾಷೆಯಲ್ಲಿ ಆ ಮಾತಿಗೆ ‘ಪುಟ್ಟವಳು’ ಎಂದಷ್ಟೇ ಅರ್ಥ. ಇನ್ನು ನಮ್ಮ ನಾಡಿನ ಕಡೆ ನೋಡಿದರೆ, 2016ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದು 1996ರಲ್ಲಿ ಹುಟ್ಟಿದ ಭಾರತೀಯ ಸ್ತ್ರೀಯರ ಸರಾಸರಿ ನಿಲುವನ್ನು ಸುಮಾರು 153 ಸೆಂಟಿಮೀಟರೆಂದು, ಅಂದರೆ ಐದಡಿಗೆ ಕೂದಲೆಳೆಯಷ್ಟು ಹೆಚ್ಚೆಂದು, ಲೆಕ್ಕ ಹಾಕಿತು. ಅಲ್ಲಿಯ ‘ಪುಟ್ಟವಳು’ ಇಲ್ಲಿಯ ಸಾಮಾನ್ಯಳು! ಬೆಂಗಳೂರಿನ ಅಂಗಡಿಯ ಸಾಲಿನಲ್ಲಿ ತೂಗುವ ಷರಾಯಿಗಳಲ್ಲಿ ಒಳಗಾಲಿನ ಉದ್ದ 30 ಅಂಗುಲವೋ 32 ಅಂಗುಲವೋ ಇರುವುದು ಅಪರೂಪವಲ್ಲ. ಐದಡಿಯ ಹೆಂಗಸಿಗೆ ಸಾಮಾನ್ಯವಾಗಿ 26 ಅಥವಾ 27 ಅಂಗುಲ ಸಾಕು.

ಹೆಚ್ಚಾದ ನಾಲ್ಕಂಗುಲವನ್ನು ಕೆಳಗಿನಿಂದ ಕತ್ತರಿಸಿದರೆ ಮುಗಿಯಿತೆಂದು ಬಹಳ ಮಂದಿಯ ಎಣಿಕೆ. ಹಾಗಲ್ಲ. ಷರಾಯಿಗೂ ಒಂದು ಮೊಣಕಾಲುಂಟು. ತೊಡೆಯಿಂದ ಇಳಿಯುತ್ತ ಕಿರಿದಾಗುವ ಷರಾಯಿಯಲ್ಲಿ, ತೊಡುವವಳ ಮೊಣಕಾಲು ಎಲ್ಲಿರಬಹುದೆಂದು ಊಹಿಸಿ ಬಟ್ಟೆಯನ್ನು ಅಲ್ಲಿ ತಿರುಗಿಸಿರುತ್ತಾರೆ. ಪುಟ್ಟ ನಿಲುವಿನವಳ ಮೊಣಕಾಲು ಆ ಜಾಗಕ್ಕಿಂತ ಮೇಲಿರುತ್ತದೆ. ಕೆಳಗಿನ ಕಿರಿದಾದ ಭಾಗ ಕತ್ತರಿಗೆ ಹೋಗಿ, ಅಗಲವಾದ ಭಾಗವೇ ತುದಿಯಾಗಿ ನಿಲ್ಲುತ್ತದೆ. ಕೆಳಗೆ ಗಂಟೆಯಂತೆ ಅರಳುವ ಷರಾಯಿಯಲ್ಲಿ ಇದಕ್ಕೆ ವಿರುದ್ಧ: ಯಾವ ಅರಳಿಗಾಗಿ ಹಣ ತೆತ್ತದ್ದೋ ಅದೇ ದರ್ಜಿಯ ನೆಲದ ಮೇಲೆ ಬೀಳುತ್ತದೆ. ಕತ್ತರಿಸಿಯೇ ತೊಡಬೇಕಾದವರಿಗೆ ತೊಡೆಯಿಂದ ತುದಿಯವರೆಗೆ ಒಂದೇ ಅಗಲವಾಗಿ ನೇರವಾಗಿ ಇಳಿಯುವ ಷರಾಯಿಯೇ ಲೇಸು. ಅದನ್ನು ಎಲ್ಲಿ ಕತ್ತರಿಸಿದರೂ ರೂಪ ಕೆಡದು.

ಉದ್ದಕ್ಕಿಂತ ಮುಖ್ಯವಾದ ಇನ್ನೊಂದು ಅಳತೆಯುಂಟು: ಸೊಂಟಪಟ್ಟಿಯಿಂದ ಕಾಲುಗಳು ಕವಲೊಡೆಯುವ ಜಾಗದವರೆಗಿನದು. ಇದು ಅಂಗುಲದಷ್ಟು ಹೆಚ್ಚಾದರೂ ಬಟ್ಟೆ ತೊಡೆಗಳ ನಡುವೆ ಜೋಲಿ, ಕಾಲುಗಳು ಇರುವುದಕ್ಕಿಂತ ಗಿಡ್ಡವಾಗಿ ತೋರುತ್ತವೆ. ತುದಿಯನ್ನು ಎಷ್ಟು ಕತ್ತರಿಸಿದರೂ ಈ ದೋಷ ಹೋಗದು. ಅದನ್ನು ತಿದ್ದಲು ಷರಾಯಿಯನ್ನೇ ಬಿಚ್ಚಿ ಹೊಲಿಯಬೇಕಾದೀತು. 1940ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಪುಟ್ಟ ನಿಲುವಿನವರ ಉಡುಪಿಗೆ ಹೆಸರಾದ ಹ್ಯಾನಾ ಟ್ರಾಯ್ ಕಂಡುಕೊಂಡದ್ದೂ ಇಂಥದೇ ಸಂಗತಿ: ಇವರು ಎತ್ತರದವರ ಕುಗ್ಗಿಸಿದ ಪ್ರತಿಗಳಲ್ಲ, ಇವರ ಮೈಯ ಪ್ರಮಾಣವೇ ಬೇರೆ. ಆದ್ದರಿಂದ ಕನ್ನಡಿಯ ಮುಂದೆ ನಿಂತು ನೋಡಿದರಷ್ಟೇ ಸಾಲದು. ಕುಳಿತು ನೋಡಬೇಕು, ಬಸ್ಸಿನ ಮೆಟ್ಟಿಲು ಹತ್ತುವಂತೆ ಕಾಲೆತ್ತಿ ನೋಡಬೇಕು. ಅಂಗಡಿಯ ಹುಡುಗಿ ನಕ್ಕರೆ ನಗಲಿ.

ಹೊಕ್ಕುಳಿನ ಮಟ್ಟಕ್ಕೆ ಏರುವ ಸೊಂಟಪಟ್ಟಿ ಕಾಲನ್ನು ನೀಳವಾಗಿ ತೋರಿಸುತ್ತದೆ ಎಂಬುದು ನಿಜವೇ. ಆದರೆ ಅಂಗಿಯನ್ನು ಒಳಗೆ ಸಿಕ್ಕಿಸಿಕೊಂಡರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ಹೆಚ್ಚಿನವರು ಷರಾಯಿಯ ಮೇಲೆ ಕುರ್ತಿ ತೊಡುವವರು. ಸೊಂಟ ಎಲ್ಲಿದೆಯೆಂದು ಕುರ್ತಿಯೊಳಗೆ ಯಾರಿಗೆ ಕಂಡೀತು? ಅವರು ಗಮನಿಸಬೇಕಾದದ್ದು ಕುರ್ತಿ ಎಲ್ಲಿ ಮುಗಿಯುತ್ತದೆ ಎಂಬುದನ್ನು. ಮೀನಖಂಡದ ದಪ್ಪನೆಯ ಜಾಗದಲ್ಲಿ ಕುರ್ತಿ ನಿಂತು, ಅದರ ಕೆಳಗೆ ಒಂದು ಗೇಣು ಷರಾಯಿ ಇಣುಕಿದರೆ ಆಳು ಮೂರು ತುಂಡಾದಂತೆ ತೋರುತ್ತದೆ. ಮೊಣಕಾಲಿಗಿಂತ ತುಸು ಮೇಲೆ ಮುಗಿದು, ಪಕ್ಕದ ಸೀಳು ಎತ್ತರದಿಂದ ಆರಂಭವಾದರೆ ಷರಾಯಿಯ ಗೆರೆ ಉದ್ದವಾಗಿ ಕಾಣುತ್ತದೆ. ಕುರ್ತಿಗೂ ಷರಾಯಿಗೂ ಒಂದೇ ಬಣ್ಣವೋ ಹತ್ತಿರದ ಬಣ್ಣವೋ ಇದ್ದರೆ ಇನ್ನೂ ಒಳ್ಳೆಯದು. ಹೂವಿನ ಕುರ್ತಿಗೆ ಬಿಳಿಯ ಷರಾಯಿ ಬೇಸಿಗೆಯಲ್ಲಿ ಎಲ್ಲರಿಗೂ ಪ್ರಿಯ. ಆದರೆ ಎತ್ತರವನ್ನು ಅರ್ಧಕ್ಕೆ ಕತ್ತರಿಸುವುದರಲ್ಲಿ ಅದಕ್ಕೆ ಸಮನಾದದ್ದಿಲ್ಲ.

ಕುರ್ತಿಗೆ ಹೇಳಿದ ಮಾತೇ ಷರಾಯಿಯ ತುದಿಗೂ ಅನ್ವಯಿಸುತ್ತದೆ. ಪಾದದ ಮೇಲಿನ ಹರಡಿನ ಎಲುಬು ಕಾಣುವಂತೆ ನಿಂತರೆ ಗಾಳಿಯಾಡುತ್ತದೆ, ಕಾಲೂ ಹಗುರವಾಗಿ ತೋರುತ್ತದೆ. ಮೀನಖಂಡದ ನಡುವೆ ನಿಲ್ಲುವ ‘ಕ್ಯಾಪ್ರಿ’ ಷರಾಯಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 1954ರ ‘ಸಬ್ರಿನಾ’ ಚಿತ್ರದಲ್ಲಿ ಆಡ್ರೆ ಹೆಪ್‌ಬರ್ನ್ ತೊಟ್ಟ ಗಿಡ್ಡನೆಯ ಕಪ್ಪು ಷರಾಯಿಯನ್ನು ಜಗತ್ತೇ ಮೆಚ್ಚಿತು. ಆಕೆಯ ನಿಲುವು ಸುಮಾರು 5 ಅಡಿ 7 ಅಂಗುಲವಿತ್ತೆಂಬುದನ್ನು ಅನುಕರಿಸಿದವರು ಮರೆತರು. ತುದಿಯನ್ನು ಹೊರಕ್ಕೆ ಮಡಿಸುವುದೂ ಅಡ್ಡಗೆರೆಯೊಂದನ್ನು ಎಳೆದಂತೆಯೇ. ಪಲಾಜೊ ಎಂಬ ಅಗಲವಾದ ಷರಾಯಿ ಪುಟ್ಟವರಿಗೆ ಸಲ್ಲದೆಂದು ಹೇಳುವವರಿದ್ದಾರೆ. ಬಟ್ಟೆ ಮೆತ್ತಗಿದ್ದು ಸೊಂಟದ ಬಳಿ ದಪ್ಪ ನೆರಿಗೆಗಳಿಲ್ಲದಿದ್ದರೆ ಅದು ಚೆನ್ನಾಗಿಯೇ ಒಪ್ಪುತ್ತದೆ. ಆದರೆ ನೆಲ ಮುಟ್ಟುವ ಪಲಾಜೊ ತೊಟ್ಟು ಸ್ಕೂಟರಿನ ಹಿಂದೆ ಕೂರುವುದೂ ಮೆಟ್ರೋ ನಿಲ್ದಾಣದ ಚಲಿಸುವ ಮೆಟ್ಟಿಲನ್ನು ಏರುವುದೂ ಅಪಾಯ. ಎತ್ತರ ಕಾಣಬೇಕೆಂಬ ಆಸೆಗೆ ಕಾಲನ್ನು ಒತ್ತೆಯಿಡಬಾರದು.

ಉದ್ದಗೆರೆಗಳು ಎತ್ತರವನ್ನು ಹೆಚ್ಚಿಸುತ್ತವೆ ಎಂಬ ದರ್ಜಿಗಳ ಹಳೆಯ ಮಾತಿಗೆ ವಿಜ್ಞಾನದ ಬೆಂಬಲ ಅಷ್ಟಕ್ಕಷ್ಟೆ. ಅಡ್ಡಗೆರೆ ತುಂಬಿದ ಚೌಕವೇ ಉದ್ದಗೆರೆಯ ಚೌಕಕ್ಕಿಂತ ಎತ್ತರವಾಗಿ ತೋರುತ್ತದೆಂದು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದಲ್ಲಿಯೇ ತೋರಿಸಿದ್ದನು. ಗೆರೆಯ ಬಟ್ಟೆ ಇಷ್ಟವಿದ್ದರೆ ಕೊಳ್ಳಲಿ. ಅದಕ್ಕೆಂದು ಹೆಚ್ಚು ಹಣ ತೆರಬೇಕಾಗಿಲ್ಲ.

ಬಟ್ಟೆಯ ಆಯ್ಕೆಯಲ್ಲಿ ಊರನ್ನು ನೋಡಬೇಕು. ಮಂಗಳೂರು, ಕಾರವಾರಗಳ ಬೇಸಿಗೆಯಲ್ಲಿ ಬೆವರು ಆರುವುದೇ ಇಲ್ಲ. ಅಲ್ಲಿ ತೆಳುವಾದ, ಸಡಿಲ ನೇಯ್ಗೆಯ ಹತ್ತಿ ಬೇಕು, ಕಾಲಿಗೆ ಅಂಟದಷ್ಟು ಅಗಲವೂ ಬೇಕು. ಬಿಜಾಪುರದ ಕಡೆಯ ಒಣಬಿಸಿಲಿಗೆ ಖಾದಿಯೂ ಹಿತವೇ, ಆದರೆ ದಪ್ಪ ಖಾದಿ ಸೆಟೆದು ನಿಂತು ಪುಟ್ಟ ಮೈಯನ್ನು ಅಗಲಗೊಳಿಸುತ್ತದೆ. ನಯವಾದ ನೂಲಿನದನ್ನು ಹುಡುಕಬೇಕು. ಲಿನನ್ ತಂಪಾದದ್ದಾದರೂ ಒಂದು ಗಂಟೆ ಕುಳಿತರೆ ಸುಕ್ಕುಗಟ್ಟುತ್ತದೆ, ಆ ಸುಕ್ಕುಗಳೆಲ್ಲ ಅಡ್ಡಗೆರೆಗಳಾಗಿ ಮಂಡಿಯ ಹಿಂದೆ ನಿಲ್ಲುತ್ತವೆ. ರೇಯಾನ್ ಸೊಗಸಾಗಿ ಇಳಿಬೀಳುತ್ತದೆ. ಒಗೆತದಲ್ಲಿ ಕುಗ್ಗುವ ಚಾಳಿ ಅದಕ್ಕುಂಟು. ಪಾಲಿಯೆಸ್ಟರ್ ಹೆಚ್ಚಾಗಿ ಬೆರೆತದ್ದು ಇಸ್ತ್ರಿಯನ್ನು ಉಳಿಸುತ್ತದೆ, ಬೆವರನ್ನೂ ಉಳಿಸುತ್ತದೆ.

ದರ್ಜಿಯ ಬಳಿ ಹೋಗುವ ಮುನ್ನ ಹತ್ತಿಯ ಷರಾಯಿಯನ್ನು ಒಮ್ಮೆ ನೆನೆಸಿ ಒಣಗಿಸಲೇಬೇಕು. ಒಗೆಯದೆ ಕತ್ತರಿಸಿದ ಷರಾಯಿ ಮೊದಲನೆಯ ಒಗೆತಕ್ಕೇ ಮೇಲೇರಿ, ಯಾವ ಕ್ಯಾಪ್ರಿಯನ್ನು ಬೇಡವೆಂದದ್ದೋ ಅದೇ ಆಗಿ ಕುಳಿತೀತು. ನಿತ್ಯ ತೊಡುವ ಚಪ್ಪಲಿಯನ್ನು ಜೊತೆಗೆ ಒಯ್ಯಬೇಕು. ಬರಿಗಾಲಿನ ಅಳತೆಗೂ ಅರ್ಧ ಅಂಗುಲ ಹಿಮ್ಮಡಿಯ ಅಳತೆಗೂ ವ್ಯತ್ಯಾಸ ಎದ್ದು ಕಾಣುತ್ತದೆ. ಅಳತೆ ತೆಗೆಯುವಾಗ ಬಗ್ಗಿ ನೋಡಬಾರದು, ಬಗ್ಗಿದೊಡನೆ ತುದಿ ಸರಿಯುತ್ತದೆ. ಕತ್ತರಿಸಿದ ಮೇಲೂ ಒಳಗಡೆ ಒಂದೂವರೆ ಅಂಗುಲ ಮಡಿಕೆ ಉಳಿಸಲು ಹೇಳಬೇಕು. ಬೆಳೆಯುವ ವಯಸ್ಸಿನ ಹುಡುಗಿಯಾದರೆ ಎರಡು. ಕತ್ತರಿಸಿದ ತುಂಡುಗಳನ್ನು ಅಂಗಡಿಯಲ್ಲಿ ಬಿಟ್ಟುಬರುವುದು ಬೇಡ. ಹೆಂಗಸರ ಷರಾಯಿಗಳಿಗೆ ಜೇಬು ಇಡಲು ತಯಾರಕರು ಏಕೋ ಜಿಪುಣರು. ನಾಲ್ಕಂಗುಲದ ಎರಡು ತುಂಡುಗಳಿಂದ ಬಸ್ಸಿನ ಚೀಟಿ, ಬೀಗದ ಕೈ ಹಿಡಿಯುವಷ್ಟು ದೊಡ್ಡ ಜೇಬೊಂದನ್ನು ಪಕ್ಕದ ಹೊಲಿಗೆಯಲ್ಲಿ ಇಟ್ಟುಕೊಡಲು ಯಾವ ದರ್ಜಿಯೂ ಒಲ್ಲೆನೆನ್ನಲಾರನು.